ಹದಿಹರೆಯದವರಿಗೆ ಮನೆಯಾಚೆಗೊಬ್ಬ ಹಿರಿಯ ಗೆಳೆಯ

ಹದಿನಾರು ವರ್ಷದ ಹುಡುಗ. ಪಿಯುಸಿ ಮೊದಲ ವರ್ಷ, ವಿಜ್ಞಾನ ವಿಭಾಗ. ಎರಡು ತಿಂಗಳಲ್ಲಿ ನಾಲ್ಕು ಸಲ ಹೊಟ್ಟೆನೋವೆಂದು ತಾಯಿ ಅವನನ್ನು ನನ್ನ ಬಳಿ ಕರೆತಂದಿದ್ದರು. ನೋವು ಬರುತ್ತಿದ್ದುದು ಬೆಳಗಿನ ಹೊತ್ತು, ಅದೂ ಕಾಲೇಜಿಗೆ ಹೊರಡುವ ಸಮಯಕ್ಕೆ ಸರಿಯಾಗಿ. ಭಾನುವಾರ ನೋವಿಲ್ಲ. ಜ್ವರವಿಲ್ಲ, ವಾಂತಿಯಿಲ್ಲ, ತೂಕವೂ ಇಳಿದಿಲ್ಲ. ಮೊದಲ ಸಲ ಜಂತುಹುಳುವಿನ ಮಾತ್ರೆ ಕೊಟ್ಟೆ. ಎರಡನೆಯ ಸಲ ಆಮ್ಲ ತಗ್ಗಿಸುವ ಮಾತ್ರೆ. ಮೂರನೆಯ ಸಲ ರಕ್ತ, ಮೂತ್ರ, ಮಲ ಪರೀಕ್ಷೆ. ನಾಲ್ಕನೆಯ ಸಲ ಸ್ಕ್ಯಾನಿಂಗ್. ಎಲ್ಲವೂ ಸರಿಯಾಗಿಯೇ ಇತ್ತು. "ಏನೂ ಇಲ್ಲಪ್ಪ, ಓದಿನ ಟೆನ್ಷನ್ ಅಷ್ಟೇ, ಧೈರ್ಯವಾಗಿರು" ಎಂದು ಬೆನ್ನು ತಟ್ಟಿ ಕಳಿಸಿದೆ.

ಐದನೆಯ ಸಲ ಬಂದಾಗ ಕ್ಲಿನಿಕ್ಕಿನಲ್ಲಿ ಜನ ಹೆಚ್ಚಾಗಿದ್ದರು. ಹುಡುಗನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ತಾಯಿ ತರಕಾರಿ ತರಲು ಹೋಗಿದ್ದರು. ನಮ್ಮ ಕಾಂಪೌಂಡರ್ ಅರವತ್ತರ ಹತ್ತಿರದವರು. ಸಂಜೆ ಹೊತ್ತು ಬಡಾವಣೆಯ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತಾರೆ. ಅವರು ಆ ಹುಡುಗನ ಪಕ್ಕ ಕೂತು ಹತ್ತು ನಿಮಿಷ ಮಾತಾಡಿದರು. ಆಮೇಲೆ ಒಳಗೆ ಬಂದು, "ಸಾರ್, ಇವನ ನೋವು ಹೊಟ್ಟೆಯದ್ದಲ್ಲ. ಒಬ್ಬನನ್ನೇ ಕೂರಿಸಿಕೊಂಡು ಕೇಳಿ. ನಿಮಗೆ ಹೇಳ್ತೀನಿ ಅಂತ ಒಪ್ಪಿದಾನೆ" ಎಂದರು. ಅವನು ಏನು ಹೇಳಿದನೆಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅದು ಅವನೇ ಹೇಳಬೇಕಾದದ್ದು ಎಂದರು.

ಹುಡುಗ ಹೇಳಿದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಒಳ್ಳೆಯ ಅಂಕ. ಈಗ ಎಲ್ಲವೂ ಇಂಗ್ಲಿಷಿನಲ್ಲಿ. ಭೌತಶಾಸ್ತ್ರದ ತರಗತಿಯಲ್ಲಿ ಉತ್ತರಿಸಲು ತಡವರಿಸಿದಾಗ ಹಿಂದಿನ ಬೆಂಚಿನವರು ನಕ್ಕಿದ್ದರು. ಅಂದಿನಿಂದ ಎರಡು ಟೆಸ್ಟ್ ತಪ್ಪಿಸಿದ್ದ. ಫೀಸು ಕಟ್ಟಲು ಅಪ್ಪ ಸಂಘದಲ್ಲಿ ಸಾಲ ಮಾಡಿದ್ದರು. "ಅಪ್ಪನಿಗೆ ಹೇಗೆ ಹೇಳಲಿ ಸಾರ್? ಬೆಳಿಗ್ಗೆ ಏಳೋದೇ ಬೇಡ ಅನ್ನಿಸುತ್ತೆ." "ಸಾಯಬೇಕು ಅಂತ ಅನ್ನಿಸಿದೆಯಾ?" ಎಂದು ನೇರವಾಗಿಯೇ ಕೇಳಿದೆ. ತಲೆ ತಗ್ಗಿಸಿ, "ಒಂದೆರಡು ಸಲ" ಎಂದ.

ನಾಲ್ಕು ಭೇಟಿ, ಅಷ್ಟೊಂದು ಪರೀಕ್ಷೆ. ಆದರೂ ತಾಯಿಯನ್ನು ಹೊರಗೆ ಕಳಿಸಿ ಅವನನ್ನು ಒಂದು ಪ್ರಶ್ನೆ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಅಂದು ಕಲಿತದ್ದನ್ನು ನಿಮಗೆ ಹೇಳುವುದಕ್ಕಾಗಿಯೇ ಈ ವಾರದ ಲೇಖನ. ಹುಡುಗನ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸುಳ್ಳು ನೋವಲ್ಲ

ಪರೀಕ್ಷೆಗಳೆಲ್ಲ ಸರಿ ಇವೆ ಎಂದಾಕ್ಷಣ ಮನೆಯವರು "ನಾಟಕ ಆಡ್ತಾನೆ" ಎನ್ನುವುದುಂಟು. ಅದು ತಪ್ಪು. ಭಯ ಮತ್ತು ಆತಂಕದ ಹೊತ್ತಿನಲ್ಲಿ ಶರೀರದಲ್ಲಿ ಅಡ್ರಿನಲಿನ್ ಮುಂತಾದ ರಸದೂತಗಳು ಹೆಚ್ಚುತ್ತವೆ. ಜಠರ ಮತ್ತು ಕರುಳಿನ ಚಲನೆ ಏರುಪೇರಾಗುತ್ತದೆ. ನೋವು ನಿಜವಾಗಿಯೇ ಬರುತ್ತದೆ. ತಲೆನೋವು, ಎದೆಬಡಿತ, ನಿದ್ರೆ ಬಾರದಿರುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಕೂಡ ಇದೇ ಕಾರಣದಿಂದ ಆಗಬಹುದು.

ಆದರೆ ಒಂದು ಎಚ್ಚರಿಕೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರವಿದ್ದರೆ, ನೋವಿಗೆ ನಿದ್ರೆಯಿಂದ ಎಚ್ಚರವಾಗುತ್ತಿದ್ದರೆ ಅದನ್ನು ಮನಸ್ಸಿನ ಬೇನೆ ಎಂದು ತಳ್ಳಿಹಾಕದೆ ಮೊದಲು ವೈದ್ಯರಿಗೆ ತೋರಿಸಿ.

ಹದಿಹರೆಯದಲ್ಲಿ ಇಂಥ ತೊಂದರೆ ಹೆಚ್ಚೇಕೆ? ಮೆದುಳಿನಲ್ಲಿ ಭಯ, ಸಿಟ್ಟು, ಉತ್ಸಾಹಗಳಿಗೆ ಸಂಬಂಧಿಸಿದ ಭಾಗಗಳು ಬೇಗ ಚುರುಕಾಗುತ್ತವೆ. ಅವುಗಳಿಗೆ ಲಗಾಮು ಹಾಕಿ, ಮುಂದಾಲೋಚನೆ ಮಾಡುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗುತ್ತದೆ. ಎತ್ತು ಬಲವಾಗಿದೆ, ಮೂಗುದಾರ ಇನ್ನೂ ಸಡಿಲ ಎನ್ನಿ. ಆ ಹೊತ್ತಿಗೇ ಎಸ್ಸೆಸ್ಸೆಲ್ಸಿ, ಪಿಯುಸಿ, ಹೊಸ ಗೆಳೆಯರು, ದೇಹದ ಬದಲಾವಣೆ, ಈಗಿನ ಕಾಲಕ್ಕೆ ಮೊಬೈಲು, ಎಲ್ಲವೂ ಒಟ್ಟಿಗೆ ಬರುತ್ತವೆ.

2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಅಂದರೆ ಐವತ್ತು ಮಕ್ಕಳ ಒಂದು ತರಗತಿಯಲ್ಲಿ ಮೂರು ನಾಲ್ಕು ಮಂದಿ. ಕಾಯಿಲೆಯೆನ್ನುವಷ್ಟಿಲ್ಲದೆ ಒಳಗೊಳಗೇ ಕೊರಗುವವರು ಈ ಲೆಕ್ಕದಿಂದ ಹೊರಗೆ.

ಇವೂ ಕಲಿಯುವ ವಿದ್ಯೆಗಳೇ

"ಅವನ ಸ್ವಭಾವವೇ ಹಾಗೆ, ಸಂಕೋಚದವನು", "ಅವಳಿಗೆ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿ ಕೋಪ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸ್ವಭಾವದ ಪಾಲು ಇದೆ, ನಿಜ. ಆದರೆ ಕೋಪವನ್ನು ತಡೆದುಕೊಳ್ಳುವುದು, ಬೇಡವೆನಿಸಿದ್ದಕ್ಕೆ ಬೇಡ ಎನ್ನುವುದು, ಸಹಾಯ ಕೇಳುವುದು, ಸೋಲನ್ನು ನುಂಗಿಕೊಂಡು ಮುಂದೆ ಹೋಗುವುದು ಇವೆಲ್ಲ ಈಜು, ಸೈಕಲ್ ಸವಾರಿಗಳಂತೆ ಕಲಿತು ಬರುವ ವಿದ್ಯೆಗಳು.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿಯೇ ಇವನ್ನು 'ಜೀವನ ಕೌಶಲ'ಗಳೆಂದು ಕರೆದು ಹತ್ತನ್ನು ಪಟ್ಟಿ ಮಾಡಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಕಷ್ಟ ತನ್ನದೆಂಬಂತೆ ತಿಳಿಯುವುದು, ಸರಿಯಾಗಿ ಮಾತಾಡುವುದು, ಸಂಬಂಧ ಉಳಿಸಿಕೊಳ್ಳುವುದು, ನಿರ್ಧಾರ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಹೊಸದಾಗಿ ಯೋಚಿಸುವುದು, ಸರಿತಪ್ಪು ತೂಗಿ ನೋಡುವುದು, ಭಾವನೆಗಳನ್ನು ನಿಭಾಯಿಸುವುದು, ಒತ್ತಡವನ್ನು ನಿಭಾಯಿಸುವುದು. ದಂಡೆಯ ಮೇಲೆ ನಿಂತು ಉಪನ್ಯಾಸ ಕೇಳಿದರೆ ಈಜು ಬರುವುದಿಲ್ಲ. ಹಾಗೆಯೇ ಇವು ಉಪದೇಶದಿಂದ ಬರುವುದಿಲ್ಲ. ಮಾತಾಡಿ, ಮಾಡಿ ನೋಡಿ, ತಪ್ಪಿ, ಮತ್ತೆ ಮಾಡಿ ಬರಬೇಕು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಬೇಕು.

ಅಪ್ಪ ಅಮ್ಮ ಸಾಲದೆ?

ಅನೇಕ ತಾಯಂದಿರು ಇದನ್ನು ನೊಂದುಕೊಂಡೇ ಕೇಳುತ್ತಾರೆ: "ನಮ್ಮ ಹತ್ತಿರ ಹೇಳದ್ದನ್ನು ಹೊರಗಿನವರ ಹತ್ತಿರ ಯಾಕೆ ಹೇಳಬೇಕು ಡಾಕ್ಟ್ರೇ?"

ಕಾರಣ ಸರಳ. ನಿಮ್ಮನ್ನು ನೋಯಿಸಲು ಅವರಿಗೆ ಇಷ್ಟವಿಲ್ಲ. ಮೇಲಿನ ಹುಡುಗ ಅಪ್ಪನಿಂದ ಮುಚ್ಚಿಟ್ಟದ್ದು ಅಪ್ಪನ ಮೇಲಿನ ಭಯದಿಂದ ಮಾತ್ರವಲ್ಲ, ಸಾಲದ ಹೊರೆ ಗೊತ್ತಿದ್ದುದರಿಂದ. ಹೊರಗಿನ ಹಿರಿಯರಿಗೆ ಅವನ ಅಂಕದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಾಗಿ ಅವರ ಮುಂದೆ ಮನಸ್ಸು ಬಿಚ್ಚುವುದು ಸುಲಭ.

ಹಿಂದೆ ಈ ಜಾಗದಲ್ಲಿ ಸೋದರಮಾವ, ಅಜ್ಜಿ, ಅತ್ತಿಗೆ, ಗರಡಿಮನೆಯ ಉಸ್ತಾದರು, ಜಗಲಿಯ ಮೇಲೆ ಕೂರುತ್ತಿದ್ದ ಪಕ್ಕದ ಮನೆಯ ಮೇಷ್ಟ್ರು ಇರುತ್ತಿದ್ದರು. ಅವರೆಲ್ಲ ಒಳ್ಳೆಯದನ್ನೇ ಹೇಳುತ್ತಿದ್ದರು ಎಂದಲ್ಲ, ಬೈಯುವವರೂ ಇದ್ದರು. ಆದರೆ ಮಗುವಿಗೆ ಆಯ್ಕೆಯಿತ್ತು. ಈಗ ಮನೆ ಚಿಕ್ಕದಾಗಿದೆ, ಜಗಲಿ ಹೋಗಿ ಗೇಟು ಬಂದಿದೆ.

ಇದು ಹಳೆಯದನ್ನು ನೆನೆದು ಹೇಳುವ ಮಾತಷ್ಟೇ ಅಲ್ಲ, ಇದಕ್ಕೆ ಆಧಾರವೂ ಇದೆ. ಅಮೆರಿಕದ ಹವಾಯಿಯ ಕವಾಯ್ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಹಲವು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಮನೆಯ ಜಗಳ ಮುಂತಾದ ಹಲವು ಕಷ್ಟಗಳಲ್ಲಿ ಬೆಳೆದ ಮಕ್ಕಳಲ್ಲಿಯೂ ಮೂರರಲ್ಲಿ ಒಂದು ಪಾಲು ಸಮರ್ಥರಾಗಿ ಬೆಳೆದಿದ್ದರು. ಅವರ ಬಾಳಿನಲ್ಲಿ ಕಂಡ ಮುಖ್ಯ ಸಂಗತಿಗಳಲ್ಲೊಂದು, ಅಕ್ಕರೆಯಿಂದ ಕಾಣುವ ಒಬ್ಬ ಹಿರಿಯರ ನಂಟು. ಕೆಲವರಿಗೆ ಅದು ಅಜ್ಜಿ, ಕೆಲವರಿಗೆ ಶಿಕ್ಷಕಿ, ಕೆಲವರಿಗೆ ನೆರೆಮನೆಯವರು.

ಓದು ಬೇಡ, ತರಬೇತಿ ಬೇಕು

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ. ಬಿಹಾರದ ನಳಂದ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರನ್ನು ಮಕ್ಕಳ ಸಲಹೆಗಾರರನ್ನಾಗಿ ನೇಮಿಸಿದರು. ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಅಲ್ಲಿನ ಶಿಕ್ಷಕರಿಗೆ ವಹಿಸಿದರು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು. ಖಿನ್ನತೆಯ ಲಕ್ಷಣಗಳು, ಚುಡಾಯಿಸುವುದು, ಹೊಡೆದಾಟ ಕಡಿಮೆಯಾದವು. ಶಿಕ್ಷಕರೇ ನಡೆಸಿದ ಕಡೆ ಅಂಥ ಫಲ ಕಾಣಲಿಲ್ಲ. ಇದು ಶಿಕ್ಷಕರನ್ನು ದೂರುವ ಮಾತಲ್ಲ. ಪಾಠ, ಪರೀಕ್ಷೆ, ಹಾಜರಿ ಎಲ್ಲವನ್ನೂ ಹೊತ್ತವರಿಗೆ ಮಕ್ಕಳ ಮಾತು ಕೇಳಲು ಪುರಸೊತ್ತೆಲ್ಲಿ? ಅಂಕ ಹಾಕುವವರ ಮುಂದೆ ಮಕ್ಕಳೂ ಬಾಯಿಬಿಡುವುದು ಕಷ್ಟ ಎಂದು ನನ್ನ ಊಹೆ.

ಆಫ್ರಿಕದ ಜಿಂಬಾಬ್ವೆಯಲ್ಲಿ ಮನೋವೈದ್ಯರು ಬಹಳ ಕಡಿಮೆ. ಅಲ್ಲಿನ ಡಾ. ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆ ನಗರದ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಅಜ್ಜಿ ಕೇಳುತ್ತಾಳೆ, ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸಿಡುತ್ತಾಳೆ, ಮೊದಲು ಯಾವುದನ್ನು ಹಿಡಿಯೋಣ ಎಂದು ಬಂದವರಿಂದಲೇ ಆರಿಸುತ್ತಾಳೆ. 573 ಮಂದಿ ವಯಸ್ಕರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಎಂದಿನ ಆರೈಕೆ ಪಡೆದವರಲ್ಲಿ ನೂರಕ್ಕೆ ಸುಮಾರು 50 ಮಂದಿಗೆ ಖಿನ್ನತೆಯ ಲಕ್ಷಣಗಳು ಉಳಿದಿದ್ದರೆ, ಬೆಂಚಿನಲ್ಲಿ ಕೂತು ಮಾತಾಡಿದವರಲ್ಲಿ ಸುಮಾರು 14 ಮಂದಿಗೆ ಮಾತ್ರ.

ಕರ್ನಾಟಕದಲ್ಲಿಯೂ ರಾಜ್ಯದ ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ 'ಯುವ ಸ್ಪಂದನ' ಎಂಬ ಕಾರ್ಯಕ್ರಮ ರೂಪಿಸಿ, ಊರಿನ ಯುವಜನರಲ್ಲೇ ಕೆಲವರನ್ನು 'ಯುವ ಪರಿವರ್ತಕ'ರನ್ನಾಗಿ ತರಬೇತುಗೊಳಿಸಿದವು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತ ಸಲಹೆಯ ವ್ಯವಸ್ಥೆಯಾಯಿತು. ನಮ್ಮಲ್ಲಿ ಇದಕ್ಕೆ 'ಸ್ನೇಹ ಕ್ಲಿನಿಕ್' ಎಂದು ಹೆಸರು.

ಮಾತಾಡುವುದು ಹೇಗೆ?

ನಮ್ಮ ಕಾಂಪೌಂಡರ್ ಆ ಹುಡುಗನೊಂದಿಗೆ ಮುಂದೆ ಹಲವು ವಾರ ಮಾತಾಡಿದರು. ಅದನ್ನು ನೋಡಿ ನಾನು ಕಲಿತದ್ದು ಇಷ್ಟು.

1. ಪಕ್ಕದಲ್ಲಿ ಕೂತುಕೊಳ್ಳಿ. ಎದುರಿಗೆ ಕೂತರೆ ವಿಚಾರಣೆಯಂತಾಗುತ್ತದೆ. ಜೊತೆಯಲ್ಲಿ ನಡೆಯುತ್ತಲೋ, ಕಡಲೆಕಾಯಿ ಸುಲಿಯುತ್ತಲೋ ಮಾತಾಡಿದರೆ ಮಾತು ತಾನಾಗಿ ಬರುತ್ತದೆ.

2. "ಯಾಕೆ ಹಾಗೆ ಮಾಡಿದೆ?" ಎನ್ನಬೇಡಿ. "ಏನಾಯ್ತು? ಆಗ ನಿನಗೆ ಹೇಗನ್ನಿಸಿತು?" ಎಂದು ಕೇಳಿ. 'ಯಾಕೆ' ಎಂದರೆ ಮಕ್ಕಳು ನೆಪ ಹುಡುಕುತ್ತಾರೆ.

3. ಭಾವನೆಗೆ ಹೆಸರು ಕೊಡಲು ನೆರವಾಗಿ. ಎಲ್ಲವನ್ನೂ "ಬೇಜಾರು" ಎಂಬ ಒಂದೇ ಪದದಲ್ಲಿ ಮುಗಿಸುವ ಮಕ್ಕಳಿಗೆ ಅದು ಅವಮಾನವೋ, ಭಯವೋ, ಹೊಟ್ಟೆಕಿಚ್ಚೋ, ಒಂಟಿತನವೋ ಎಂದು ಬಿಡಿಸಿ ನೋಡಲು ಬಂದರೆ ಅರ್ಧ ಭಾರ ಇಳಿಯುತ್ತದೆ.

4. ತಕ್ಷಣ ಪರಿಹಾರ ಹೇಳಬೇಡಿ. "ನಮ್ಮ ಕಾಲದಲ್ಲಿ ಬೀದಿದೀಪದಲ್ಲಿ ಓದಿದ್ವಿ" ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. "ಏನು ಮಾಡಬಹುದು ಅನ್ನಿಸುತ್ತೆ? ಇನ್ನೇನು ದಾರಿ ಇದೆ?" ಎಂದು ಅವರಿಂದಲೇ ಎರಡು ಮೂರು ದಾರಿ ಹೇಳಿಸಿ, ಒಂದೊಂದರ ಒಳಿತು ಕೆಡಕು ಕೇಳಿ.

5. ಅಭ್ಯಾಸ ಮಾಡಿಸಿ. ಇದೇ ಮುಖ್ಯ. ಒಂದು ಸಂಜೆ ಕಾಂಪೌಂಡರ್, "ನಾನೇ ನಿಮ್ಮಪ್ಪ ಅಂದ್ಕೋ, ಹೇಳು ನೋಡೋಣ" ಎಂದರು. ಹುಡುಗ ಎರಡು ಸಲ ತಡವರಿಸಿದ, ಮೂರನೆಯ ಸಲ ಹೇಳಿದ: "ಅಪ್ಪ, ನನಗೆ ಪಾಠ ಅರ್ಥ ಆಗ್ತಿಲ್ಲ. ಟೆಸ್ಟಿಗೆ ಹೋಗಲಿಲ್ಲ. ತಪ್ಪಾಯ್ತು. ಏನು ಮಾಡೋಣ ಅಂತ ನಿಮ್ಮನ್ನೇ ಕೇಳ್ತಿದೀನಿ." ಮರುದಿನ ಮನೆಯಲ್ಲೂ ಅದನ್ನೇ ಹೇಳಿದ.

6. ಮತ್ತೆ ಸಿಗುವ ದಿನ ಹೇಳಿ, ಆ ದಿನ ತಪ್ಪದೆ ಸಿಗಿ. ಎರಡು ದಿನ ಅಕ್ಕರೆ ತೋರಿಸಿ ಮರೆಯಾಗುವವರಿಗಿಂತ ವಾರಕ್ಕೆ ಅರ್ಧ ಗಂಟೆ ಕೊಟ್ಟು ವರ್ಷವಿಡೀ ನಿಲ್ಲುವವರು ಬೇಕು.

ಹುಡುಗಿಯರಿಗೂ ಇಂಥ ಜಾಗ ಬೇಕು. ಹುಡುಗರಿಗಾದರೂ ಆಟದ ಮೈದಾನವಿದೆ, ಹುಡುಗಿಯರಿಗೆ ಅದೂ ಇಲ್ಲ. ನಿವೃತ್ತ ಶಿಕ್ಷಕಿ, ಹೊಲಿಗೆ ಕಲಿಸುವ ಅಕ್ಕ, ಆಶಾ ಕಾರ್ಯಕರ್ತೆ ಇದಕ್ಕೆ ತಕ್ಕವರು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲೋ ಶಾಲೆಯ ವರಾಂಡದಲ್ಲೋ ಭಾನುವಾರ ಎಂಟು ಹತ್ತು ಮಂದಿ ಒಂದು ಗಂಟೆ ಕೂರಬಹುದು. ಪ್ರತಿ ವಾರ ಒಂದೇ ಪ್ರಸಂಗ ಸಾಕು: 'ಗೆಳತಿ ನನ್ನ ಫೋಟೋವನ್ನು ಕೇಳದೆ ಎಲ್ಲರಿಗೂ ಕಳಿಸಿದಳು, ಏನು ಮಾಡಲಿ?', 'ಗೆಳೆಯರು ಗುಟ್ಕಾ ಹಾಕು ಎಂದು ಒತ್ತಾಯಿಸುತ್ತಾರೆ, ಹೇಗೆ ಬೇಡವೆನ್ನಲಿ?' ಇಬ್ಬರು ಅಭಿನಯಿಸಲಿ, ಉಳಿದವರು ಅಭಿಪ್ರಾಯ ಹೇಳಲಿ. ಒಬ್ಬರು ಮಾತಾಡುವಾಗ ಉಳಿದವರು ನಗಬಾರದು, ಅಲ್ಲಿ ಆಡಿದ್ದನ್ನು ಹೊರಗೆ ಆಡಬಾರದು. ಈ ಎರಡು ಕಟ್ಟುಪಾಡು ಸಾಕು.

ಎಚ್ಚರಿಕೆಗಳು

ಮಾತುಕತೆ ನಾಲ್ಕು ಜನ ಓಡಾಡುವ ತೆರೆದ ಜಾಗದಲ್ಲಿ ನಡೆಯಲಿ, ಮನೆಯವರಿಗೆ ಗೊತ್ತಿರಲಿ. "ಇದನ್ನು ಯಾರಿಗೂ ಹೇಳಬೇಡ" ಎಂದು ಮಗುವಿಗೆ ಹೇಳುವ ಹಿರಿಯರು ಹಿತೈಷಿಗಳಲ್ಲ. ಹಣ, ದುಬಾರಿ ಉಡುಗೊರೆ, ರಾತ್ರಿ ಹೊತ್ತಿನ ಫೋನು ಬೇಡ. ಜಾತಿ, ಪಕ್ಷಗಳ ಪ್ರಚಾರಕ್ಕೂ ಇದು ಜಾಗವಲ್ಲ.

ಗುಟ್ಟು ಕಾಯುವುದಕ್ಕೂ ಮಿತಿಯಿದೆ. ಅದನ್ನು ಮೊದಲ ದಿನವೇ ಹೇಳಿಬಿಡಿ: "ನಿನ್ನ ಪ್ರಾಣಕ್ಕೆ ಅಪಾಯ ಎನ್ನಿಸಿದರೆ, ಯಾರಾದರೂ ನಿನಗೆ ಕೆಡುಕು ಮಾಡುತ್ತಿದ್ದರೆ, ನಿನಗೆ ತಿಳಿಸಿಯೇ ಸಹಾಯ ಮಾಡಬಲ್ಲವರಿಗೆ ಹೇಳುತ್ತೇನೆ." 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಮಾತುಕತೆ ಚಿಕಿತ್ಸೆಗೆ ಬದಲಿಯಲ್ಲ. ಎರಡು ವಾರ ಮೀರಿ ಮಂಕಾಗಿರುವುದು, ಊಟ ನಿದ್ರೆ ಕೆಡುವುದು, ಇಷ್ಟದ ಆಟವೂ ಬೇಡವಾಗುವುದು, ಎಲ್ಲರಿಂದ ದೂರವಾಗುವುದು, ಮೈಮೇಲೆ ಗಾಯ ಮಾಡಿಕೊಳ್ಳುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, "ನಾನಿಲ್ಲದಿದ್ದರೇ ಒಳ್ಳೆಯದು" ಎನ್ನುವುದು ಇವು ಕಂಡರೆ ವೈದ್ಯರ ಬಳಿ ಕರೆದೊಯ್ಯಿರಿ. ಸಾವಿನ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಬೇಡ. ಕೇಳಿದರೆ ಹಾಗಾಗುವುದಿಲ್ಲ, ಬಹುಪಾಲು ಮಕ್ಕಳಿಗೆ ನಿರಾಳವೇ ಆಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ನಮ್ಮ ಹುಡುಗನ ವಿಷಯದಲ್ಲಿಯೂ ಅಂದೇ ಅವನಿಗೆ ಹೇಳಿ, ಅವನ ಎದುರಿನಲ್ಲೇ ತಾಯಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಅವರ ಚಿಕಿತ್ಸೆ ಒಂದು ಕಡೆ, ಕಾಂಪೌಂಡರ ಮಾತು ಇನ್ನೊಂದು ಕಡೆ, ಎರಡೂ ನಡೆದವು.

ತಂದೆತಾಯಿಗಳಿಗೆ ಒಂದು ಮಾತು

ಮಗ ಮೇಷ್ಟ್ರ ಬಳಿ, ಮಗಳು ಪಕ್ಕದ ಮನೆಯ ಆಂಟಿಯ ಬಳಿ ಮನಸ್ಸು ಬಿಚ್ಚಿದರೆ ಅದು ನಿಮ್ಮ ಸೋಲಲ್ಲ. "ಏನು ಹೇಳಿದ?" ಎಂದು ಅವರನ್ನು ಕೆದಕಬೇಡಿ. ಮಗು ತಾನಾಗಿ ಬಂದು ಹೇಳಿದ ದಿನ ಪೂರ್ತಿ ಕೇಳಿ. ಆ ಹುಡುಗನ ತಂದೆ ಅಂದು ಬೈಯಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡು, ನಾಳೆ ಕಾಲೇಜಿಗೆ ನಾನೂ ಬರ್ತೀನಿ" ಎಂದರಂತೆ.

ಭೌತಶಾಸ್ತ್ರ ಅವನಿಗೆ ಒಲಿಯಲಿಲ್ಲ. ಮರುವರ್ಷ ವಾಣಿಜ್ಯ ವಿಭಾಗಕ್ಕೆ ಸೇರಿದ, ಒಂದು ವರ್ಷ ಹೋಯಿತು. ಹೊಟ್ಟೆನೋವಿಗೆ ಮಾತ್ರ ಮತ್ತೆ ನನ್ನ ಬಳಿ ಬರಲಿಲ್ಲ. ಈಗ ಹದಿಹರೆಯದವರು ಯಾರೇ ಬರಲಿ, ಐದು ನಿಮಿಷವಾದರೂ ಅವರೊಬ್ಬರನ್ನೇ ಕೂರಿಸಿ ಮಾತಾಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ನಿಮ್ಮ ಬೀದಿಯಲ್ಲಿ ಹದಿಹರೆಯದ ಮಕ್ಕಳೆಷ್ಟು, ಅವರಲ್ಲಿ ಎಷ್ಟು ಮಂದಿಯ ಹೆಸರು ನಿಮಗೆ ಗೊತ್ತು ಎಂದು ಇವತ್ತು ಸಂಜೆ ಲೆಕ್ಕ ಹಾಕಿ ನೋಡಿ. ಒಬ್ಬರನ್ನು "ಏನಪ್ಪಾ, ಹೇಗಿದ್ದೀಯ?" ಎಂದು ಕೇಳಿ. "ಚೆನ್ನಾಗಿದ್ದೀನಿ" ಎಂಬ ಉತ್ತರ ಬಂದಮೇಲೂ ಒಂದೆರಡು ನಿಮಿಷ ಅಲ್ಲೇ ನಿಂತಿರಿ. ಎಷ್ಟೋ ಸಲ ನಿಜವಾದ ಮಾತು ಬರುವುದು ಆಮೇಲೆ.